ಉಳಿದ ಕಥೆಯ ಋಣ

ಜನರು ವರ್ಷಗಟ್ಟಲೆ ಪ್ರೀತಿಯಿಂದ ಅನುಸರಿಸಿಕೊಂಡು ಬಂದ ಕಥೆಯೊಂದು ಇನ್ನು ಮುಂದೆ ಸಾಗುವುದೋ, ಇಲ್ಲಿಗೇ ನಿಂತುಹೋಗುವುದೋ ಎಂಬ ಶಂಕೆ ಹುಟ್ಟಿದಾಗ ಅವರ ಮನಸ್ಸಿನಲ್ಲೇಳುವ ಕಳವಳವನ್ನು ವಿವೇಕಿಗಳೆನಿಸಿಕೊಂಡವರು ಬಹುಮಟ್ಟಿಗೆ ಲಘುವಾಗಿ ಎಣಿಸುತ್ತಾರೆ. ಮಳೆಬೆಳೆಯ ಚಿಂತೆ, ಸಾಲದ ಚಿಂತೆ, ಮನೆಯಲ್ಲಿ ಬೆಳೆದು ನಿಂತ ಮಕ್ಕಳ ಚಿಂತೆ ಇವೆಲ್ಲ ಬೆನ್ನ ಹಿಂದೆಯೇ ಇರುವಾಗ, ದೂರದರ್ಶನದ ಧಾರಾವಾಹಿಯೊಂದು ನಿಲ್ಲುವುದೆಂದು ಕೊರಗುವುದು ಮೋಹವಲ್ಲದೆ ಮತ್ತೇನು ಎಂದು ಅವರು ಕೇಳುವರು. ಕೇಳಬೇಕಾದ ಪ್ರಶ್ನೆಯೇ ಅದು. ಆದರೂ ಆ ಕಳವಳವೆಲ್ಲವನ್ನೂ ಮೋಹವೆಂಬ ಒಂದೇ ಮಾತಿನಿಂದ ತಳ್ಳಿಹಾಕುವುದಕ್ಕೆ ಮೊದಲು, ಕಥೆಯನ್ನು ಮುಗಿಸುವ ಅಧಿಕಾರವು ನ್ಯಾಯವಾಗಿ ಯಾರದು, ಹೇಳಿದವನದೋ, ಹೇಳಿಸಿದವನದೋ, ಕೇಳಿದವನದೋ ಎಂಬುದನ್ನು ವಿಚಾರಿಸಲೇಬೇಕು. ಮತ್ತು ಈ ವಿಚಾರವು ಮನರಂಜನೆಯ ಎಲ್ಲೆಯನ್ನು ದಾಟಿ ಧರ್ಮಜಿಜ್ಞಾಸೆಯ ಸೀಮೆಗೆ ಸೇರತಕ್ಕದ್ದೆಂದು ನಾನು ದೃಢವಾಗಿ ನಂಬಿದ್ದೇನೆ.

ನಮ್ಮ ದೇಶದಲ್ಲಿ ಈ ಪ್ರಶ್ನೆ ಅತ್ಯಂತ ತೀಕ್ಷ್ಣವಾಗಿ ಎದ್ದದ್ದು 1988ರಲ್ಲಿ. ರಮಾನಂದ ಸಾಗರರ ‘ರಾಮಾಯಣ’ವು 1987ರ ಜನವರಿ 25ರಂದು ದೂರದರ್ಶನದಲ್ಲಿ ಆರಂಭವಾಗಿ, ಪ್ರತಿ ಭಾನುವಾರ ಬೆಳಿಗ್ಗೆ ಪ್ರಸಾರವಾಗುತ್ತಿದ್ದಿತು. 52 ಕಂತುಗಳಿಗೆಂದು ಯೋಜಿತವಾಗಿದ್ದ ಆ ಮಾಲಿಕೆಯನ್ನು ಜನರ ಅಪೇಕ್ಷೆಗೆ ಮಣಿದು ಮತ್ತೆ ಮತ್ತೆ ವಿಸ್ತರಿಸಬೇಕಾಗಿ ಬಂದು, ಕಡೆಗೆ 78 ಕಂತುಗಳಾಗಿ, 1988ರ ಜುಲೈ 31ರಂದು ಅದು ಮುಕ್ತಾಯವಾಯಿತು. ಪ್ರಸಾರದ ಹೊತ್ತಿಗೆ ಪೇಟೆಯ ಬೀದಿಗಳು ಬರಿದಾಗುತ್ತಿದ್ದುದೂ, ಯಂತ್ರದ ಪೆಟ್ಟಿಗೆಗೆ ಹೂಮಾಲೆ ಹಾಕಿ ಊದಿನಕಡ್ಡಿ ಹಚ್ಚಿ ಜನರು ಕೈಮುಗಿದು ಕುಳಿತುಕೊಳ್ಳುತ್ತಿದ್ದುದೂ ಆ ಕಾಲವನ್ನು ಕಂಡವರಿಗೆಲ್ಲ ನೆನಪಿರುವ ಸಂಗತಿ. ಹರಪನಹಳ್ಳಿಯ ಕಡೆಯ ನಮ್ಮ ನೀಲಗುಂದದಂತಹ ಊರುಗಳಲ್ಲಿ ಆಗ ಟಿ.ವಿ. ಇದ್ದ ಮನೆಗಳು ವಿರಳವಾಗಿದ್ದುದರಿಂದ, ಇದ್ದವರ ಪಡಸಾಲೆಯೇ ಆ ಒಂದು ಗಳಿಗೆ ಊರಿನ ಪಡಸಾಲೆಯಾಗುತ್ತಿದ್ದಿತು. ಅಲ್ಲಿ ಕುಳಿತವರಲ್ಲಿ ಬಹುಮಂದಿಗೆ ಹಿಂದಿಯ ಒಂದು ವಾಕ್ಯವೂ ಪೂರ್ಣವಾಗಿ ತಿಳಿಯುತ್ತಿರಲಿಲ್ಲ. ತಿಳಿಯಬೇಕಾದ ಅವಶ್ಯಕತೆಯೂ ಇರಲಿಲ್ಲ. ದಶರಥನು ಯಾವ ಮಾತಿಗೆ ಕುಸಿಯುವನು, ಜಟಾಯು ಎಲ್ಲಿ ಬೀಳುವನು, ಹನುಮಂತನು ಉಂಗುರವನ್ನು ಯಾವಾಗ ತೋರಿಸುವನು ಎಂಬುದೆಲ್ಲ ಬಯಲಾಟ, ಭಜನೆ, ಪುರಾಣಗಳ ಮೂಲಕ ಅವರಿಗೆ ಬಾಲ್ಯದಿಂದಲೇ ಕರತಲಾಮಲಕವಾಗಿದ್ದಿತು.

ಇಲ್ಲಿ ತಡೆದು ಯೋಚಿಸತಕ್ಕ ವಿಷಯವೊಂದಿದೆ. ಮುಂದೇನಾಗುವುದೋ ಎಂಬ ಕುತೂಹಲವೇ ಧಾರಾವಾಹಿಯ ಜೀವವೆಂದು ಇಂದಿನ ಕಥೆಗಾರರು ಭಾವಿಸಿದ್ದಾರೆ. ಆದರೆ ಮುಂದಾಗುವುದೆಲ್ಲವನ್ನೂ ಬಲ್ಲ ಜನರೇ ಮುಂದಿನ ಭಾನುವಾರಕ್ಕಾಗಿ ಅಷ್ಟೊಂದು ಕಾತರದಿಂದ ಕಾದರು. ಪ್ರಾಚೀನ ಆಲಂಕಾರಿಕರು ನಾಟಕದ ವಸ್ತು ಪ್ರಖ್ಯಾತವಾಗಿರಬೇಕೆಂದು ವಿಧಿಸಿದುದರ ಮರ್ಮವೂ ಪ್ರಾಯಶಃ ಇದೇ ಆಗಿರಬೇಕು: ಕಥೆಯ ತುದಿ ತಿಳಿದವನ ಚಿತ್ತವು ತುದಿಯ ಕಡೆಗೆ ಓಡುವ ಚಾಪಲ್ಯವನ್ನು ಬಿಟ್ಟು, ಎದುರಿಗಿರುವ ಮುಖದಲ್ಲಿ, ಮಾತಿನಲ್ಲಿ, ಮೌನದಲ್ಲಿ ನೆಲೆಗೊಳ್ಳುವುದು. ನಮ್ಮ ಜನ ಬಯಸಿದ್ದು ದರ್ಶನವನ್ನು. ವಾರಕ್ಕೊಮ್ಮೆ ದೊರೆಯುವ ಸತ್ಸಂಗವನ್ನು. ದೇವಾಲಯಕ್ಕೆ ಹೋಗುವವನು ನಿನ್ನೆ ಕಂಡ ಮೂರ್ತಿಯನ್ನು ಇಂದು ಪುನಃ ಕಾಣಲು ಹೋಗುವನಲ್ಲದೆ, ಮೂರ್ತಿ ಬದಲಾಗಿದೆಯೇ ಎಂದು ನೋಡಲು ಹೋಗುವುದಿಲ್ಲವಷ್ಟೆ. ಆದುದರಿಂದ ಆ ಕಾತರವನ್ನು ಕೇವಲ ಮೋಹವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಆದರೆ ಸಂಗಸುಖವು ಮುಂದುವರಿಯಲೆಂಬ ಬಯಕೆ, ಅದು ಎಷ್ಟೇ ನಿರ್ಮಲವಾದದ್ದಾದರೂ, ಕಥೆಯನ್ನು ಮುಂದುವರಿಸೆಂದು ಆಜ್ಞಾಪಿಸುವ ಹಕ್ಕಾಗಲಾರದು. ಹಕ್ಕು ಹುಟ್ಟುವುದು ಬೇರೊಂದು ಕಡೆಯಿಂದ. ಅದನ್ನು ದೇಶಕ್ಕೆ ತಿಳಿಸಿಕೊಟ್ಟವರು ಪಂಡಿತರಲ್ಲ, ಪೌರಕಾರ್ಮಿಕರು.

ಧಾರಾವಾಹಿಯು ಶ್ರೀರಾಮನ ಪಟ್ಟಾಭಿಷೇಕದಲ್ಲಿ ಮಂಗಳವನ್ನು ಹಾಡಿತು. ರಾಜ್ಯವು ದೊರೆಯಿತು, ಅಗಲಿದವರು ಕೂಡಿದರು, ಅಯೋಧ್ಯೆ ದೀಪಗಳಿಂದ ಬೆಳಗಿತು. ಇದಕ್ಕಿಂತ ಶುಭವಾದ ಮುಕ್ತಾಯ ಮತ್ತಾವುದಿದ್ದೀತು ಎಂದು ಎಲ್ಲರಿಗೂ ತೋರುವುದು ಸಹಜ. ಆಗ ಪಂಜಾಬಿನ ಜಲಂಧರವೇ ಮೊದಲಾದ ಉತ್ತರದ ನಗರಗಳಲ್ಲಿ ಬೀದಿ ಗುಡಿಸುವ, ಚರಂಡಿ ಬಳಿಯುವ ಕೆಲಸದವರು, ಮಹರ್ಷಿ ವಾಲ್ಮೀಕಿಯನ್ನು ತಮ್ಮ ಗುರುವೆಂದೂ ಮೂಲಪುರುಷನೆಂದೂ ಪೂಜಿಸುವ ವಾಲ್ಮೀಕಿ ಸಮುದಾಯದ ಜನ, ಪೊರಕೆಗಳನ್ನು ಕೆಳಗಿಟ್ಟು ಮುಷ್ಕರ ಹೂಡಿದರು. ಅವರು ಬೇಡಿದ್ದು ಕೂಲಿಯ ಹೆಚ್ಚಳವನ್ನಲ್ಲ, ಉತ್ತರಕಾಂಡವನ್ನು. ಕಥೆಯು ಪಟ್ಟಾಭಿಷೇಕದಲ್ಲಿಯೇ ನಿಂತರೆ, ಲೋಕಾಪವಾದಕ್ಕೀಡಾಗಿ ತುಂಬು ಬಸುರಿಯಾಗಿ ಕಾಡಿನ ಪಾಲಾದ ಸೀತೆಗೆ ಆಶ್ರಯವನ್ನಿತ್ತವನು ಯಾರು, ಆಕೆಯ ಮಕ್ಕಳಿಗೆ ವಿದ್ಯೆಯನ್ನೂ ಗಾನವನ್ನೂ ಕಲಿಸಿದವನು ಯಾರು ಎಂಬುದು ಪರದೆಯ ಮೇಲೆ ಕಾಣದೆಯೇ ಉಳಿದುಹೋಗುವುದು. ಕಾವ್ಯವನ್ನು ಕಟ್ಟಿದ ಋಷಿಯೇ ಕಾವ್ಯದ ಹೊರಬಾಗಿಲಲ್ಲಿ ನಿಲ್ಲಬೇಕಾಗುವುದು. ಸರ್ಕಾರವು ಒಪ್ಪಿತು, ಸಾಗರರು ಮತ್ತೆ ಚಿತ್ರೀಕರಣಕ್ಕೆ ತೊಡಗಿದರು, 1988ರ ಕೊನೆಯ ಭಾಗದಲ್ಲಿ ಉತ್ತರ ರಾಮಾಯಣದ ಪ್ರಸಾರವು ಮೊದಲಾಗಿ ಮರುವರ್ಷದವರೆಗೆ ನಡೆಯಿತು.

ಮನುಷ್ಯನು ಮೂರು ಋಣಗಳನ್ನು ಹೊತ್ತುಕೊಂಡೇ ಹುಟ್ಟುವನೆಂದೂ, ಅವುಗಳಲ್ಲಿ ಋಷಿಋಣವು ಅಧ್ಯಯನದಿಂದ ಮಾತ್ರ ತೀರತಕ್ಕದ್ದೆಂದೂ ನಮ್ಮ ಪ್ರಾಚೀನರು ಹೇಳಿದರು. ಹೇಳಿದವರು ಆ ಅಧ್ಯಯನದ ಅಧಿಕಾರವನ್ನು ಕೆಲವರಿಗೆ ಮಾತ್ರ ಇಟ್ಟುಕೊಂಡು, ಉಳಿದವರನ್ನು ದೂರವಿರಿಸಿದ್ದು ಚರಿತ್ರೆಯ ಕಠೋರವಾದ ಸತ್ಯ. ಹಾಗೆ ದೂರವಿರಿಸಲ್ಪಟ್ಟವರ ಸಂತತಿಯೇ ಒಂದು ದಿನ ರಾಷ್ಟ್ರದ ಎದುರಿಗೆ ನಿಂತು, ನೀವು ಋಷಿಯ ಕಥೆಯಿಂದ ಸಂತೋಷಪಟ್ಟಿರಿ, ಆದರೆ ಋಷಿಗೆ ಸಲ್ಲಬೇಕಾದದ್ದನ್ನು ಇನ್ನೂ ಸಲ್ಲಿಸಿಲ್ಲ ಎಂದು ನೆನಪಿಸಿಕೊಟ್ಟಿತೆಂಬುದನ್ನು ಯೋಚಿಸಿದಾಗ ನನ್ನ ಹೃದಯವು ಗೌರವದಿಂದ ತುಂಬುವುದು. ಇದಕ್ಕಿಂತ ಸಮರ್ಪಕವಾದ ಋಣಸ್ಮರಣೆಯನ್ನು ನಾನು ಕಾಣೆ. ಅವರ ಕೈಯಲ್ಲಿದ್ದ ಬಲವೊಂದೇ: ತಾವು ನಿಂತರೆ ನಗರವೂ ನಿಲ್ಲುವುದೆಂಬುದು. ಆ ಬಲವನ್ನು ಅವರು ಹೊಟ್ಟೆಗಾಗಿ ಬಳಸಿದ್ದರೂ ಯಾರೂ ತಪ್ಪೆನ್ನುವಂತಿರಲಿಲ್ಲ, ಕಥೆಗಾಗಿ ಬಳಸಿದರು.

ಉತ್ತರಕಾಂಡವು ಪ್ರಕ್ಷಿಪ್ತವೆಂದು ಅನೇಕ ವಿದ್ವಾಂಸರ ಮತ. ಇರಬಹುದು; ಜನಮನದಲ್ಲಿ ಶತಮಾನಗಳಿಂದ ಬೇರೂರಿದ ಭಾಗವನ್ನು ಆ ಕಾರಣದಿಂದ ಕಿತ್ತೊಗೆಯಲಾಗದು. ಇದಕ್ಕಿಂತ ಗಹನವಾದ ಆಕ್ಷೇಪವೊಂದಿದೆ. ಶಂಬೂಕನೆಂಬ ಶೂದ್ರ ತಪಸ್ವಿಯು ತಪಸ್ಸು ಮಾಡಿದನೆಂಬ ಕಾರಣಕ್ಕೆ ರಾಮನ ಖಡ್ಗಕ್ಕೆ ಬಲಿಯಾಗುವ ಕಥೆಯಿರುವುದೂ ಈ ಉತ್ತರಕಾಂಡದಲ್ಲಿಯೇ. ಕಥೆಯನ್ನು ಮುಂದುವರಿಸೆಂದು ಬೇಡುವವನು ಅದರ ವಾತ್ಸಲ್ಯದೊಡನೆ ಅದರ ಗಾಯವನ್ನೂ ಬೇಡಿದಂತಾಗುವುದು. ಕುವೆಂಪು ಅವರು 1944ರ ‘ಶೂದ್ರ ತಪಸ್ವಿ’ ನಾಟಕದಲ್ಲಿ ಆ ಗಾಯವನ್ನು ಮುಚ್ಚಿಡದೆ ಎತ್ತಿಕೊಂಡು, ರಾಮನ ಬಾಣವು ತಪಸ್ವಿಯನ್ನು ಬಿಟ್ಟು ಅವನನ್ನು ದೂಷಿಸಿದವನನ್ನು ಬೆನ್ನಟ್ಟುವಂತೆ ಕಥೆಯನ್ನು ತಿರುಗಿಸಿದರು. ಪಟ್ಟಾಭಿಷೇಕಕ್ಕೆ ಕಥೆಯನ್ನು ನಿಲ್ಲಿಸಿದರೆ ಗಾಯ ಮರೆಯಾದೀತೇ ಹೊರತು ಮಾಯಲಾರದು. ಮುಂದುವರಿಸಿದರೆ ಅದನ್ನು ಎದುರಿಸುವ ಕವಿಯೊಬ್ಬನು ಎಂದಾದರೂ ಬಂದಾನು. ಈ ಕಾರಣದಿಂದಲೂ ಮುಷ್ಕರ ಹೂಡಿದವರ ಬೇಡಿಕೆ ನ್ಯಾಯವಾದದ್ದೆಂದೇ ನನ್ನ ತೀರ್ಮಾನ. ಕೂಡ್ಲಿಗಿ, ಹರಪನಹಳ್ಳಿಗಳ ನಮ್ಮ ಸೀಮೆಯಲ್ಲಿಯೂ ವಾಲ್ಮೀಕಿಯನ್ನು ಕುಲಗುರುವೆಂದು ನೆನೆಯುವ ನಾಯಕ ಸಮುದಾಯದವರು ಬಹುಸಂಖ್ಯೆಯಲ್ಲಿದ್ದಾರೆ. ಹರಿಹರ ತಾಲ್ಲೂಕಿನ ರಾಜನಹಳ್ಳಿಯ ವಾಲ್ಮೀಕಿ ಗುರುಪೀಠಕ್ಕೆ ನಡೆದುಕೊಳ್ಳುತ್ತಾರೆ. ಉತ್ತರದ ಪೌರಕಾರ್ಮಿಕರಿಗೂ ಇವರಿಗೂ ಚರಿತ್ರೆ ಬೇರೆ, ವೃತ್ತಿ ಬೇರೆ. ಆದರೂ ಋಷಿಯನ್ನು ತಮ್ಮವನೆಂದುಕೊಳ್ಳುವಾಗ ಎದೆಯಲ್ಲೇಳುವ ಅಭಿಮಾನವು ಎರಡು ಕಡೆಯೂ ಒಂದೇ ಬಗೆಯದು.

ಕನ್ನಡದ ಕವಿಗಳಿಗೆ ಈ ಸಮಸ್ಯೆ ಹೊಸದಲ್ಲ. ಗದುಗಿನ ವೀರನಾರಾಯಣನ ಸನ್ನಿಧಿಯ ಕುಮಾರವ್ಯಾಸನು ಮಹಾಭಾರತದ ಮೊದಲ ಹತ್ತು ಪರ್ವಗಳನ್ನು ಹಾಡಿ, ಗದಾಪರ್ವದ ಕೊನೆಗೆ ಧರ್ಮರಾಯನ ಪಟ್ಟಾಭಿಷೇಕದಲ್ಲಿ ಲೇಖನಿಯನ್ನಿಟ್ಟನು. ತೊರವೆಯ ರಾಮಾಯಣವೂ ಪಟ್ಟಾಭಿಷೇಕಕ್ಕೇ ನಿಲ್ಲುವುದು. ಕಿರೀಟವನ್ನು ಕಂಡ ಕೂಡಲೆ ಕಥೆಗೆ ಮಂಗಳ ಹಾಡಬೇಕೆಂಬುದು ನಮ್ಮ ಮನಸ್ಸಿನ ಹಳೆಯ ಸ್ವಭಾವವೆಂದು ತೋರುವುದು. ಆದರೆ ಕುಮಾರವ್ಯಾಸನು ಬಿಟ್ಟ ಭಾಗವನ್ನು ನಮ್ಮ ನೆರೆಯ ಹಂಪೆಯಲ್ಲಿ, ಕೃಷ್ಣದೇವರಾಯನ ಆಸ್ಥಾನದಲ್ಲಿ, ತಿಮ್ಮಣ್ಣಕವಿಯು ಉಳಿದ ಎಂಟು ಪರ್ವಗಳಾಗಿ ರಚಿಸಿ ಪೂರ್ತಿಗೊಳಿಸಿದನು. ಕುಮಾರವ್ಯಾಸನ ಪ್ರತಿಭೆ ಅವನಿಗಿರಲಿಲ್ಲವೆಂದು ರಸಿಕರು ಹೇಳುವರು, ಅದು ನಿಜವೇ. ಆದರೂ ಗೆದ್ದವರ ಪಶ್ಚಾತ್ತಾಪವನ್ನೂ, ಯಾದವರ ನಾಶವನ್ನೂ, ನಾಯಿಯೊಂದನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದ ಯುಧಿಷ್ಠಿರನನ್ನೂ ಕನ್ನಡಿಗನಿಗೆ ಮುಟ್ಟಿಸಬೇಕೆಂದು ಹೊರಟವನು ತನ್ನ ಕೀರ್ತಿಯನ್ನು ಪಣವಿಟ್ಟು ಹೊರಟವನು. ಸೀತಾಪರಿತ್ಯಾಗದ ದುಃಖವನ್ನಂತೂ ಲಕ್ಷ್ಮೀಶನು ಜೈಮಿನಿ ಭಾರತದ ನಡುವೆ ತಂದಿರಿಸಿ, ತೊರವೆಯ ಕವಿ ಬಿಟ್ಟದ್ದನ್ನು ಮನೆಮನೆಗೂ ತಲುಪಿಸಿದನು. ಇದಕ್ಕೂ ಹಿಂದೆ, ಜಿನಸೇನಾಚಾರ್ಯರು ಅಪೂರ್ಣವಾಗಿ ಬಿಟ್ಟುಹೋದ ಮಹಾಪುರಾಣವನ್ನು ಅವರ ಶಿಷ್ಯ ಗುಣಭದ್ರಾಚಾರ್ಯರು ಮುಗಿಸಿದ್ದರು.

ನಮ್ಮ ಸೀಮೆಯ ಕಲ್ಲುಗಳೂ ಇದನ್ನೇ ಹೇಳುತ್ತವೆ. ನೀಲಗುಂದದ ಭೀಮೇಶ್ವರ ದೇವಾಲಯವನ್ನು ನೋಡಲು ಬಂದವರು ಸ್ವಲ್ಪ ದೂರವನ್ನು ಲೆಕ್ಕಿಸದೆ ಬಾಗಳಿಯ ಕಲ್ಲೇಶ್ವರಕ್ಕೂ ಹೋಗಿಬರಬೇಕು. ಆ ಗುಡಿಯ ಕೆಲಸ ಮೊದಲಾದದ್ದು ರಾಷ್ಟ್ರಕೂಟರ ಕಾಲದಲ್ಲಿ. ಆ ವಂಶವೇ ಅಳಿದು ಕಲ್ಯಾಣದ ಚಾಲುಕ್ಯರ ತೈಲಪನು ಪಟ್ಟಕ್ಕೆ ಬಂದ ಮೇಲೆ, ಸುಮಾರು 987ರಲ್ಲಿ, ದುಗ್ಗಿಮಯ್ಯನೆಂಬವನು ಅದನ್ನು ಪೂರ್ಣಗೊಳಿಸಿದನು. ದೊರೆ ಬದಲಾದ, ವಂಶ ಬದಲಾಯಿತು, ಮೊದಲು ಹಣವಿತ್ತವರ ಹೆಸರು ಮರೆಯಾಯಿತು. ಗುಡಿ ಅರ್ಧಕ್ಕೆ ನಿಲ್ಲಲಿಲ್ಲ. ಈ ಕಡೆಯ ದಾನಶಾಸನಗಳ ತುದಿಯಲ್ಲಿ ಬರುವ ಶ್ಲೋಕಗಳು ತಾನು ಕೊಟ್ಟದ್ದಕ್ಕಿಂತ ಪರರು ಕೊಟ್ಟದ್ದನ್ನು ಪಾಲಿಸುವುದೇ ಹೆಚ್ಚಿನ ಪುಣ್ಯವೆಂದು ಸಾರುತ್ತವೆ. ಆರಂಭಿಸಿದವನ ಸಂಕಲ್ಪವು ನಡೆಸಿಕೊಂಡು ಹೋಗುವವನ ಮೇಲೆ ಋಣವಾಗಿ ಕೂಡುವುದೆಂಬ ಈ ಭಾವನೆ ಇಂದು ಧಾರಾವಾಹಿಗಳ ಭವಿಷ್ಯವನ್ನು ನಿರ್ಣಯಿಸುವ ಕೋಣೆಗಳಲ್ಲಿ ಯಾರ ಮನಸ್ಸಿಗಾದರೂ ಹೊಳೆಯುವುದೋ ಇಲ್ಲವೋ.

ಹಾಗೆಂದು ಪ್ರತಿಯೊಂದು ಕಥೆಯೂ ಮುಂದುವರಿಯಬೇಕೆಂದಲ್ಲ. ನಮ್ಮೂರುಗಳಲ್ಲಿ ಶ್ರಾವಣದಲ್ಲಿ ಪುರಾಣ ಹಚ್ಚುವರಷ್ಟೆ. ತಿಂಗಳು ತುಂಬಿದೊಡನೆ ಮಂಗಲದ ದಿನ ಬರುವುದು, ಪುರಾಣ ಹೇಳಿದ ಶಾಸ್ತ್ರಿಗಳಿಗೆ ಕಾಯಿ ಕೊಟ್ಟು ಶಾಲು ಹೊದಿಸುವರು, ಕಥೆ ಮುಗಿಯುವುದು. ಇನ್ನೊಂದು ವಾರ ನಡೆಯಲೆಂದು ಯಾರಾದರೂ ಆಸೆಪಟ್ಟರೂ ಹಿರಿಯರು ಒಪ್ಪುವುದಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿಯಂತೂ ಇನ್ನೂ ಉಗ್ರವಾದ ಸಂಯಮವಿದೆ. ಭಾರತ ಹುಣ್ಣಿಮೆಯ ಜಾತ್ರೆಗೆ ಲಕ್ಷಾಂತರ ಜನ ನೆರೆದು, ಡೆಂಕನಮರಡಿಯಲ್ಲಿ ಉಸಿರು ಬಿಗಿಹಿಡಿದು ನಿಂತಿರುವಾಗ, ಉಪವಾಸವ್ರತದಲ್ಲಿದ್ದ ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ, ‘ಸದ್ದಲೇ’ ಎಂದು ಕೂಗಿ, ಮೌನವಾದೊಡನೆ ಒಂದೇ ಒಂದು ಮಾತನ್ನು ನುಡಿದು ಕೆಳಕ್ಕೆ ಬೀಳುವನು. ಅಷ್ಟೇ ಕಾರಣಿಕ. ವರ್ಷದ ಮಳೆ, ಬೆಳೆ, ರಾಜ್ಯದ ಯೋಗಕ್ಷೇಮ ಎಲ್ಲವೂ ಆ ಒಂದು ನುಡಿಯಲ್ಲಿ ಅಡಗಿದೆಯೆಂದು ನಂಬಿ ಬಂದವರಲ್ಲಿ ಒಬ್ಬನಾದರೂ ಎರಡನೆಯ ನುಡಿಯನ್ನು ಬೇಡುವುದಿಲ್ಲ. ನುಡಿಯ ಅರ್ಥವನ್ನು ಬಂಡಿಯಲ್ಲಿ, ಬಸ್ಸಿನಲ್ಲಿ, ಹೊಲದ ಬದುವಿನಲ್ಲಿ ವಿಚಾರಿಸುತ್ತ ಅವರು ವರ್ಷವನ್ನು ಕಳೆಯುವರು. ಹೇಳಬೇಕಾದವನು ಹೇಳಿ ಮುಗಿಸಿದ್ದಾನೆ. ಇನ್ನು ಉಳಿದ ಕೆಲಸ ಕೇಳಿದವರದು. ಇಂತಹ ಪೂರ್ಣವಾದ ಮೌನಕ್ಕೂ, ಹೇಳುವವನ ಬಾಯಿಯನ್ನು ನಡುವೆ ಮುಚ್ಚಿಸಿದಾಗ ಉಂಟಾಗುವ ಮೌನಕ್ಕೂ ಇರುವ ಅಂತರವನ್ನು ಗುರುತಿಸುವುದೇ ಇಲ್ಲಿ ಬೇಕಾದ ವಿವೇಕ.

ಈ ವಿವೇಕದಿಂದ ನೋಡಿದರೆ ಇಂದಿನ ಕನ್ನಡ ಧಾರಾವಾಹಿಗಳಲ್ಲಿ ಬಹುಪಾಲು ಎಂದೋ ಮುಗಿಯಬೇಕಾಗಿದ್ದುವು. ಹೇಳುವ ಮಾತು ತೀರಿದ ಮೇಲೂ ಜಾಹೀರಾತಿನ ಹಣಕ್ಕಾಗಿ ಅವುಗಳನ್ನು ಎಳೆದು ಎಳೆದು ನಡೆಸುತ್ತಾರೆ. ಕೆಲವು ಮಾತ್ರ ನಡುದಾರಿಯಲ್ಲಿ ನಿಂತುಹೋದುವು. ಟಿ. ಎನ್. ಸೀತಾರಾಮ್ ಅವರ ‘ಮಗಳು ಜಾನಕಿ’ 2018ರಲ್ಲಿ ಕಲರ್ಸ್ ಸೂಪರ್ ವಾಹಿನಿಯಲ್ಲಿ ಆರಂಭವಾಗಿ, 2020ರ ಲಾಕ್‌ಡೌನ್ ಕಾಲದಲ್ಲಿ, ಕಥೆ ದಡ ಮುಟ್ಟುವ ಮೊದಲೇ ನಿಂತಿತು. ಅದೇ ವರ್ಷ ಮಾರ್ಚ್ 28ರಿಂದ ದೂರದರ್ಶನವು ಸಾಗರರ ‘ರಾಮಾಯಣ’ವನ್ನು ಪುನಃ ಪ್ರಸಾರ ಮಾಡಿ, ಅದು ದೇಶವನ್ನೆಲ್ಲ ಮತ್ತೊಮ್ಮೆ ಪರದೆಯ ಮುಂದೆ ಕೂರಿಸಿತೆಂಬುದನ್ನು ನೆನೆದರೆ, ಒಂದೇ ವಿಪತ್ತು ಒಂದು ಕಥೆಯನ್ನು ಎಬ್ಬಿಸಿ ಇನ್ನೊಂದನ್ನು ಮಲಗಿಸಿದ ವೈಚಿತ್ರ್ಯ ತೋರುವುದು. ಸೀತಾರಾಮ್ ಅವರ ಕಥೆಗಳಲ್ಲಿ ನ್ಯಾಯಾಲಯವೂ, ಮಧ್ಯಮವರ್ಗದ ಮನೆಯ ಅಂತಃಸಾಕ್ಷಿಯೂ ಒಂದನ್ನೊಂದು ಪ್ರಶ್ನಿಸುತ್ತಿದ್ದುದರಿಂದ ನೋಡುಗರು ಪಾತ್ರಗಳನ್ನು ನೆಂಟರಂತೆ ಕಂಡಿದ್ದರು. ನೆಂಟನ ಸಮಾಚಾರ ಅರ್ಧಕ್ಕೆ ನಿಂತರೆ ಆಗುವ ತಳಮಳ ಅವರಿಗಾಯಿತು. ಅದನ್ನು ಮೋಹವೆಂದು ಹಳಿಯಲು ನಾನು ಸಿದ್ಧನಿಲ್ಲ. ಅದೇ ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಅವರು ಕೂಡಿ 1998ರಲ್ಲಿ ದೂರದರ್ಶನಕ್ಕೆ ನಿರ್ಮಿಸಿದ ‘ಮಾಯಾಮೃಗ’ವು ಎರಡು ದಶಕಗಳಿಗೂ ಮೀರಿದ ಬಳಿಕ, 2022ರಲ್ಲಿ, ‘ಮತ್ತೆ ಮಾಯಾಮೃಗ’ವಾಗಿ ಸಿರಿ ಕನ್ನಡ ವಾಹಿನಿಯಲ್ಲಿ ಮುಂದಿನ ತಲೆಮಾರಿನ ಕಥೆಯನ್ನೆತ್ತಿಕೊಂಡು ಮರಳಿತು. ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಮಾಲಿಕೆಯನ್ನು, 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿ ಆನಗೋಡಿನಲ್ಲಿ ಅವರು ಅಪಘಾತಕ್ಕೀಡಾಗಿ ತೀರಿಕೊಂಡ ಎಷ್ಟೋ ವರ್ಷಗಳ ನಂತರ, ಕವಿತಾ ಲಂಕೇಶ್ ಅವರು ಎತ್ತಿಕೊಂಡರು. 2006ರಲ್ಲಿ ಆ ಹೊಸ ಕಂತುಗಳು ಪ್ರಸಾರವಾದುವು. ಗುರುವಿನ ಗ್ರಂಥವನ್ನು ಶಿಷ್ಯನು ಮುಗಿಸುವ ಸಂಪ್ರದಾಯ ಪೂರ್ತಿಯಾಗಿ ಅಳಿದಿಲ್ಲವೆಂಬುದಕ್ಕೆ ಇವು ಸಾಕ್ಷಿ.

ಆದರೆ ಇವೆಲ್ಲ ಅದೃಷ್ಟದ ಮಾತಾದುವು. ಧಾರಾವಾಹಿಯ ಆಯುಷ್ಯವನ್ನು ಇಂದು ನಿರ್ಣಯಿಸುವುದು ಆಯ್ದ ಕೆಲವು ಮನೆಗಳಲ್ಲಿ ಅಳವಡಿಸಿದ ಯಂತ್ರಗಳ ಲೆಕ್ಕ. ನೀಲಗುಂದದ ಯಾವ ಅಜ್ಜಿಯ ನಿಷ್ಠೆಯೂ ಆ ಲೆಕ್ಕಕ್ಕೆ ಬರುವ ಸಂಭವ ಅತ್ಯಲ್ಪ. ನೋಡುವವರ ಗಮನವನ್ನು ಜಾಹೀರಾತುದಾರರಿಗೆ ಮಾರುವ ವ್ಯವಸ್ಥೆಯಲ್ಲಿ ನೋಡುವವನು ಯಜಮಾನನಲ್ಲ, ಸರಕು. ಸರಕಿಗೆ ಯಾರೂ ಉತ್ತರ ಹೇಳಬೇಕಾಗಿಲ್ಲ. ನಷ್ಟದಲ್ಲಿ ನಡೆಯುತ್ತಿರುವ ಕಥೆಯನ್ನು ಕೊನೆಯವರೆಗೂ ನಡೆಸೆಂದು ವಾಹಿನಿಯವರನ್ನು ಒತ್ತಾಯಿಸುವುದು ನ್ಯಾಯವಾಗಲಾರದೆಂಬುದನ್ನು ನಾನು ಒಪ್ಪುವೆನು. ಆದರೆ ಋಣವೊಂದಿದೆ, ಅದನ್ನು ತೀರಿಸಲು ಅಪಾರವಾದ ಹಣ ಬೇಕಾಗಿಲ್ಲ: ಕಥೆ ಹೇಳುವವನಿಗೆ, ಕಂತುಗಳು ಎಷ್ಟೇ ಕಡಮೆಯಾಗಲಿ, ತನ್ನ ಮಾತನ್ನು ತಾನೇ ಮುಗಿಸುವ ಅವಕಾಶವನ್ನು ಕೊಡತಕ್ಕದ್ದು. ಗೊರವಯ್ಯನಿಗೂ ಒಂದು ನುಡಿಯ ಅವಧಿಯಾದರೂ ಇದೆ. ಫಲದಲ್ಲಿ ಕರ್ತನಿಗೆ ಅಧಿಕಾರವಿಲ್ಲವೆಂದು ಗೀತೆ ಹೇಳಿತೇ ಹೊರತು, ಕರ್ಮವನ್ನು ಪೂರೈಸುವ ಅಧಿಕಾರವನ್ನು ಅವನಿಂದ ಕಿತ್ತುಕೊಳ್ಳಬಹುದೆಂದು ಯಾರಿಗೂ ಅನುಮತಿಯನ್ನು ಕೊಡಲಿಲ್ಲ.

ಪೌರಕಾರ್ಮಿಕರು ಬೇಡಿದ ಆ ಉತ್ತರಕಾಂಡದೊಳಗೆ, ಈ ಪ್ರಶ್ನೆಯನ್ನು ಆದಿಕವಿಯು ತಾನೇ ಎದುರಿಸಿದ ಸನ್ನಿವೇಶವೊಂದಿದೆ. ಅದನ್ನು ನಾವು ಸಾಕಷ್ಟು ಗಮನಿಸಿಲ್ಲ. ಅಶ್ವಮೇಧದ ಮಂಟಪದಲ್ಲಿ ಕುಶಲವರು ರಾಮಾಯಣವನ್ನು ಹಾಡುತ್ತಾರೆ, ಕೇಳುವವನು ರಾಮನೇ. ತನ್ನ ಕಥೆಯನ್ನೇ ಕೇಳುತ್ತ ಕೇಳುತ್ತ, ಹಾಡುತ್ತಿರುವವರು ತನ್ನ ಮಕ್ಕಳೆಂದು ತಿಳಿದು, ಅವನು ಸೀತೆಯನ್ನು ಕರೆಸುತ್ತಾನೆ. ಸಭೆಯ ಎದುರಿಗೆ ಆಕೆ ಶಪಥಮಾಡಿ ಭೂಮಿಯೊಳಕ್ಕೆ ಹೋಗುತ್ತಾಳೆ. ಇದಾದ ಮೇಲೆ ಕಥೆ ಯಾರಿಗೆ ಬೇಕು? ರಾಮನು ಶೋಕದಿಂದಲೂ ಕ್ರೋಧದಿಂದಲೂ ಭೂಮಿಯನ್ನೇ ಸೀಳುವೆನೆಂದು ನಿಂತಾಗ ಬ್ರಹ್ಮನು ಬಂದು ಅವನನ್ನು ಸಂತೈಸಿ, ಈ ಕಾವ್ಯದಲ್ಲಿ ಇನ್ನೂ ಶೇಷವಿದೆ, ಮುಂದೆ ನಡೆಯಲಿರುವುದು ಅದರಲ್ಲಿದೆ, ಋಷಿಗಳೊಡನೆ ಕುಳಿತು ಅದನ್ನು ಕೇಳೆಂದು ಹೇಳುವನು. ಆ ರಾತ್ರಿಯನ್ನು ರಾಮನು ವಾಲ್ಮೀಕಿಯ ಪರ್ಣಶಾಲೆಯಲ್ಲಿ ಸೀತೆಯನ್ನು ನೆನೆದು ದುಃಖಿಸುತ್ತ ಕಳೆದು, ಬೆಳಗಾದ ಮೇಲೆ ಮುನಿಗಳನ್ನು ಕೂಡಿಸಿ, ಶಂಕೆಯಿಲ್ಲದೆ ಹಾಡಿರೆಂದು ಮಕ್ಕಳಿಗೆ ಹೇಳುವನು. ಕಥೆಯನ್ನು ಅಲ್ಲಿಗೆ ನಿಲ್ಲಿಸಿರೆನ್ನಲು ಅವನಿಗಿಂತ ಹೆಚ್ಚಿನ ಕಾರಣವಾಗಲಿ, ಹೆಚ್ಚಿನ ಅಧಿಕಾರವಾಗಲಿ ಮತ್ತಾರಿಗೂ ಇರಲಿಲ್ಲ.